ರಕ್ತ ಬಂದ ಮೇಲೆ ಬನ್ನಿ

ನನ್ನ ತಂಗಿಯ ಮನೆಗೆ ಮೊದಲ ಸಲ ಬಂದವರು, ಇವರೇನೋ ಮನೆ ಖಾಲಿ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಮೇಜಿನ ನಾಲ್ಕು ಮೂಲೆಗೂ ಹಳೇ ಹೊದಿಕೆಯ ತುಂಡು ಸುತ್ತಿ ದಾರ ಕಟ್ಟಿದೆ. ಮಂಚದ ಕಾಲಿಗೆ, ಕಪಾಟಿನ ಅಂಚಿಗೆ, ಹೊಸ್ತಿಲಿಗೆ ಸ್ಪಂಜು ಅಂಟಿಸಿದೆ. ಚಾಕು, ಕತ್ತರಿ ಎಲ್ಲ ಬೀಗದೊಳಗೆ. ಒಂದು ಈರುಳ್ಳಿ ಹೆಚ್ಚಬೇಕಾದರೂ ಮೊದಲು ಬೀಗದ ಕೈ ಹುಡುಕಬೇಕು. ಇದೆಲ್ಲ ಅವಳ ಮಗನಿಗಾಗಿ. ಅವನಿಗೆ ಹಿಮೋಫಿಲಿಯಾ. ನಮಗೆಲ್ಲ ಗಾಯವಾದರೆ ಸ್ವಲ್ಪ ಹೊತ್ತಿಗೆ ರಕ್ತ ತಾನೇ ಹೆಪ್ಪುಗಟ್ಟಿ ನಿಲ್ಲುತ್ತದೆ, ಅವನದು ನಿಲ್ಲುವುದಿಲ್ಲ. ನಿಲ್ಲಿಸುವ ಅಂಶ ಅವನ ರಕ್ತದಲ್ಲಿ ಹುಟ್ಟಿನಿಂದಲೇ ಇಲ್ಲ. ಅದನ್ನು ಇಂಜೆಕ್ಷನ್ ಮೂಲಕ ಹೊರಗಿನಿಂದ ಕೊಡಬೇಕು. ಆಸ್ಪತ್ರೆಯವರು ಅದಕ್ಕೆ ಫ್ಯಾಕ್ಟರ್ ಎನ್ನುತ್ತಾರೆ.

ಹುಡುಗನಿಗೆ ಏಳು ವರ್ಷ. ಓಡುವಂತಿಲ್ಲ, ಹತ್ತುವಂತಿಲ್ಲ, ಬೀಳುವಂತಂತೂ ಇಲ್ಲವೇ ಇಲ್ಲ. ಬೀದಿಯ ಮಕ್ಕಳು ಆಡುವಾಗ ಇವನು ಮನೆಮುಂದಿನ ಕಟ್ಟೆಯ ಮೇಲೆ ದಿಂಬು ಹಾಕಿಕೊಂಡು ಕೂತು ತೀರ್ಪು ಕೊಡುತ್ತಾನೆ. ಇವನು ಒಮ್ಮೆ ಹೇಳಿದನೆಂದರೆ ಮೀಸೆ ಚಿಗುರಿದ ಹುಡುಗರೂ ತುಟಿ ಪಿಟಕ್ಕೆನ್ನುವುದಿಲ್ಲ. ಹಾಗಾಗಿ ಬೀದಿಗೆಲ್ಲ ಅವನು ಅಂಪೈರು, ನನಗೂ ಅಂಪೈರು.

ನಾನು ಅವನ ದೊಡ್ಡಮ್ಮ. ಶಾಲಾ ವ್ಯಾನು ಓಡಿಸುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ವ್ಯಾನಿನ ತುಂಬ ಕಿರುಚುವ ಮಕ್ಕಳನ್ನು ಕೂರಿಸಿಕೊಂಡು ಬೆಳಗಿನ ಸಂದಣಿಯಲ್ಲಿ ಒಂದು ದಿನ ಗಾಡಿ ಓಡಿಸಲಿ, ಆಮೇಲೆ ಅವರ ಮೂಗಿನ ತುದಿಯಲ್ಲಿ ಏನಿರುತ್ತದೋ ನಾನೂ ನೋಡುತ್ತೇನೆ.

ಅವತ್ತು ಬೆಳಗಿನ ಸರದಿ ಮುಗಿಸಿ ತಂಗಿಯ ಬೀದಿಯಲ್ಲಿ ಹಾದುಬರುವಾಗ ಕಟ್ಟೆ ಖಾಲಿಯಿತ್ತು. ಒಳಗೆ ಹೋದರೆ ಅಂಪೈರು ಗೋಡೆಗೆ ಮುಖ ಮಾಡಿ ಮಲಗಿದ್ದ. ಬಲಗೆನ್ನೆ ಕಣ್ಣಿನ ಕೆಳಗಿನವರೆಗೂ ಊದಿತ್ತು. ತಂಗಿಯ ಗಂಡ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ. ಹುಡುಗನ ಮೊಣಕಾಲು ಊದಿದಾಗ ಒತ್ತಲೆಂದು ಮನೆಯಲ್ಲಿ ಐಸಿಗೆ ಬರವಿರಲಿಲ್ಲ. ಈಗ ಅದೇ ಐಸನ್ನು ಬಟ್ಟೆಯಲ್ಲಿ ಸುತ್ತಿ ಮಗನ ಕೆನ್ನೆಗೆ ಹಿಡಿದು ಕೂತಿದ್ದ. ಬಾಯಿ ತೆಗೆಸಿ ನೋಡಿದರೆ ಮೇಲಿನ ಒಂದು ದವಡೆ ಹಲ್ಲು ಪೂರ್ತಿ ಕಪ್ಪಾಗಿ, ಪಕ್ಕದ ವಸಡು ಕೀವು ತುಂಬಿ ಉಬ್ಬಿತ್ತು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ತಂಗಿ ಮಗನ ಹೊದಿಕೆ ಸರಿಮಾಡಿದಳು. ಡಾಕ್ಟರಿಗೆ ತೋರಿಸೋಣ ನಡೆ ಎಂದೆ.

"ತೋರಿಸಿದ್ರೆ ಕೀಳಬೇಕು ಅಂತಾರೆ ಅಕ್ಕ."

ಅಷ್ಟೇ ಹೇಳಿದಳು. ಮುಂದಿನದನ್ನು ಅವಳು ಹೇಳಬೇಕಾಗಿರಲಿಲ್ಲ. ನಮಗೊಬ್ಬ ಒಡಹುಟ್ಟಿದವನಿದ್ದ, ನನಗೆ ತಮ್ಮ, ಅವಳಿಗೆ ಅಣ್ಣ. ಚಿಕ್ಕವನಿದ್ದಾಗ ಹಲ್ಲುನೋವೆಂದು ಅಪ್ಪ ಅವನನ್ನು ಕರೆದುಕೊಂಡು ಹೋಗಿ ಹಲ್ಲು ಕೀಳಿಸಿಕೊಂಡು ಬಂದರು. ನಗುನಗುತ್ತಲೇ ಬಂದ. ಆಮೇಲೆ ರಕ್ತ ನಿಲ್ಲಲಿಲ್ಲ. ಹತ್ತಿ ಇಟ್ಟರು, ಉಪ್ಪುನೀರು ಮುಕ್ಕಳಿಸಲು ಕೊಟ್ಟರು, ಯಾರು ಯಾರೋ ಹೇಳಿದ್ದನ್ನೆಲ್ಲ ಮಾಡಿದರು. ದೊಡ್ಡ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಕೈಮೀರಿ ಹೋಗಿತ್ತು. ಈ ಕಾಯಿಲೆ ತಾಯಂದಿರ ಮೂಲಕ ಗಂಡುಮಕ್ಕಳಿಗೆ ಬರುತ್ತದೆ ಎನ್ನುವುದು ನಮಗೆ ತಿಳಿದದ್ದು ಎಷ್ಟೋ ವರ್ಷದ ನಂತರ, ಅಂಬೆಗಾಲಿಡುತ್ತಿದ್ದ ಅಂಪೈರಿನ ಮಂಡಿ ಊದಿದಾಗ. ಅವತ್ತಿನಿಂದ ತಂಗಿ ಮಗನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಾಳೆ. ನನಗೂ ಭಯವಿಲ್ಲವೆಂದಲ್ಲ. ನನ್ನ ಭಯ ಹೊರಗೆ ಬರುವಾಗ ಕೋಪದ ವೇಷ ಹಾಕಿಕೊಂಡು ಬರುತ್ತದೆ, ಅಷ್ಟೇ.

ಹಲ್ಲು ಒಳಗೇ ಇದ್ದರೆ ಕೀವು ಕಣ್ಣಿಗೋ ಮಿದುಳಿಗೋ ಏರಬಹುದು, ಕಿತ್ತರೆ ರಕ್ತ ನಿಲ್ಲದೆ ಹೋಗಬಹುದು. ಅತ್ತ ದರಿ ಇತ್ತ ಪುಲಿ. ಕೂತು ಅಳುವುದರಿಂದ ಎರಡರಲ್ಲಿ ಒಂದೂ ತಪ್ಪುವುದಿಲ್ಲವೆಂದು ತಾಯಿ ಮಗ ಇಬ್ಬರನ್ನೂ ವ್ಯಾನಿಗೆ ಹತ್ತಿಸಿದೆ.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನುಗಳಿದ್ದವು, ಗೋಡೆಯ ಮೇಲೆ ನಗುವ ಹಲ್ಲಿನ ಚಿತ್ರವಿತ್ತು. ಡಾಕ್ಟರು ಹುಡುಗನ ತಲೆ ಸವರಿ, ಕುರ್ಚಿ ಮೇಲೆ ಕೆಳಗೆ ಆಡಿಸಿ ನಗಿಸಿದರು. ತಂಗಿ ಕಾಯಿಲೆಯ ಹೆಸರು ಹೇಳಿದ್ದೇ ತಡ, ಹಾಕಿಕೊಳ್ಳುತ್ತಿದ್ದ ಕೈಗವಸನ್ನು ಬಿಚ್ಚಿಟ್ಟು, ಇದು ನಮ್ಮಲ್ಲಿ ಆಗುವಂಥದ್ದಲ್ಲ ಎಂದುಬಿಟ್ಟರು. ಎರಡನೆಯ ಕಡೆ ಒಳಗೇ ಬಿಡಲಿಲ್ಲ. ಮೂರನೆಯವರು ವಯಸ್ಸಾದವರು. ಏನಾದರೂ ಹೆಚ್ಚುಕಮ್ಮಿಯಾದರೆ ಈ ಮಗುವನ್ನು ಉಳಿಸಿಕೊಳ್ಳಲು ನನ್ನ ಬಳಿ ಏನೂ ಇಲ್ಲವಲ್ಲಮ್ಮ ಎಂದರು. ಸಿಟ್ಟು ಬಂತು, ಆದರೆ ಆ ಮನುಷ್ಯ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಫ್ಯಾಕ್ಟರ್ ಇರುವುದು ದೊಡ್ಡಾಸ್ಪತ್ರೆಯಲ್ಲಿ, ಅಲ್ಲಿಗೇ ಹೋಗಿ ಎಂದು ದಾರಿಯನ್ನೂ ಅವರೇ ತೋರಿಸಿದರು.

ದೊಡ್ಡಾಸ್ಪತ್ರೆಯಲ್ಲಿ ಹಲ್ಲಿನ ವಿಭಾಗ ನೆಲಮಹಡಿಯಲ್ಲಿ, ರಕ್ತದ ವಾರ್ಡು ಮೂರನೆಯ ಮಹಡಿಯಲ್ಲಿ. ಕೆಳಗೆ ಚೀಟಿ ಬರೆಯುವವನು ಕಾಯಿಲೆಯ ಹೆಸರು ನೋಡಿ, ಮೊದಲು ಮೇಲೆ ಹೋಗಿ ಫ್ಯಾಕ್ಟರ್ ಹಾಕಿಸಿಕೊಂಡು ಬನ್ನಿ, ಆಮೇಲೆ ಕುರ್ಚಿಗೆ ಕೂರಿಸುತ್ತೇವೆ ಎಂದ. ನ್ಯಾಯವೇ. ಮೂರು ಮಹಡಿ ಹತ್ತಿದೆವು. ಮೇಲಿನ ಹಿರಿಯ ನರ್ಸಮ್ಮ ಅಂಪೈರಿಗೆ ಹಳೇ ಪರಿಚಯ. ಕೆನ್ನೆ ನೋಡಿ ಅಯ್ಯೋ ಪಾಪ ಎಂದು ಮರುಗಿದರು. ಫ್ಯಾಕ್ಟರ್ ಬೇಕು ಎಂದಾಗ, ಎಲ್ಲಿ ರಕ್ತ ಬರ್ತಿದೆ ಎಂದು ಕೇಳಿದರು. ಎಲ್ಲೂ ಬರುತ್ತಿಲ್ಲ, ಹಲ್ಲು ಕಿತ್ತರೆ ಬರುತ್ತದೆ ಎಂದೆ.

"ಹಾಗಾದ್ರೆ ರಕ್ತ ಬಂದ ಮೇಲೆ ಬನ್ನಿ. ಬರೋದಕ್ಕೆ ಮೊದಲು ಕೊಡೋ ಹಾಗಿಲ್ಲ ಇಲ್ಲಿ."

ಮತ್ತೆ ಕೆಳಗೆ ಹೋದೆವು, ಮತ್ತೆ ಮೇಲೆ ಬಂದೆವು. ಕಿರಿದಾದ ಓಣಿಯಲ್ಲಿ ಎರಡು ಗಾಡಿ ಮುಖಾಮುಖಿಯಾಗಿ ನಿಂತು, ನೀನು ಹಿಂದಕ್ಕೆ ಹೋಗು ನೀನು ಹಿಂದಕ್ಕೆ ಹೋಗು ಎನ್ನುವುದನ್ನು ನಾನು ದಿನಾ ನೋಡುತ್ತೇನೆ. ಅಲ್ಲಿ ಕೊನೆಗೆ ಯಾರಾದರೊಬ್ಬರು ಇಳಿದು ಬರುತ್ತಾರೆ. ಇಲ್ಲಿ ಇಳಿದು ಹತ್ತುತ್ತಿದ್ದವರು ನಾವೇ. ಅಂಪೈರನ್ನು ಎತ್ತಿಕೊಂಡು ನನ್ನ ಸೊಂಟ ಬಿದ್ದುಹೋಗಿತ್ತು. ಸಿಟ್ಟಿನಲ್ಲಿ ನರ್ಸಮ್ಮನಿಗೆ, ಹಾಗಾದ್ರೆ ಇಲ್ಲೇ ಒಂದು ಏಟು ಹಾಕಿ ರಕ್ತ ಬರಿಸ್ತೀನಿ, ಆಗ ಕೊಡ್ತೀರಾ ಎಂದುಬಿಟ್ಟೆ. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂಪೈರು ಊದಿದ ಬಾಯಲ್ಲೇ, ದೊಡ್ಡಮ್ಮ ಹೊಡೆಯೋದಿಲ್ಲ, ಸುಮ್ನೆ ಹೇಳ್ತಾರೆ ಎಂದು ನರ್ಸಮ್ಮನಿಗೆ ಸಮಾಧಾನ ಹೇಳಿದ. ಆಕೆಗೆ ನಗು ಬಂತು, ನನಗೆ ಅಳು ಬಂತು.

ಕೆಳಗಿಳಿದವಳೇ ಚೀಟಿಯವನನ್ನು ಕೇಳದೆ ಹಲ್ಲಿನ ಡಾಕ್ಟರ ಕೋಣೆಗೆ ನುಗ್ಗಿದೆ. ಒಳಗೆ ಗಿಡ್ಡನೆಯ, ದಪ್ಪನೆಯ ಹೆಂಗಸೊಬ್ಬರು ಕೋಟಿನ ತೋಳು ಮಡಿಚಿಕೊಂಡು ಡಬ್ಬಿಯ ಊಟ ಮಾಡುತ್ತಿದ್ದರು. ಬೈದು ಹೊರಗಟ್ಟುತ್ತಾರೆ ಎಂದುಕೊಂಡು ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಅವರು ಬಾಯಲ್ಲಿದ್ದ ತುತ್ತು ನುಂಗಿ, ಕೈ ತೊಳೆದು, ಬಾ ಮರಿ ಎಂದು ಹುಡುಗನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿಕೊಂಡರು. ಕೆನ್ನೆ ನೋಡಿದರು, ಬಾಯಿ ನೋಡಿದರು. ಕೆಟ್ಟದ್ದು ಒಂದೇ ಹಲ್ಲಲ್ಲ, ಇನ್ನೂ ನಾಲ್ಕಾರು ಹುಳುಕು ಹಿಡಿದಿದ್ದವು. ವಸಡೆಲ್ಲ ಕೆಂಪಾಗಿ ಉಬ್ಬಿತ್ತು. ದಿನಾ ಹಲ್ಲುಜ್ಜುತ್ತಾನಾ ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ. ಹುಟ್ಟಿದಾಗಿನಿಂದ ಒಂದು ದಿನಾನೂ ಬ್ರಶ್ ಮುಟ್ಟಿಸಿಲ್ಲ," ಎಂದಳು ತಂಗಿ.

ನನ್ನ ಮಗನಿಗೆ ಒಂದು ದಿನವೂ ಕೈ ಮಾಡಿಲ್ಲ ಎಂದು ತಾಯಿ ಹೆಮ್ಮೆಯಿಂದ ಹೇಳುತ್ತಾಳಲ್ಲ, ಆ ದನಿಯಲ್ಲಿ. ವಸಡಿಗೆ ತಾಗಿ ರಕ್ತ ಬಂದೀತೆಂದು ಬಟ್ಟೆಯಲ್ಲಿ ಮೆಲ್ಲಗೆ ಒರೆಸುತ್ತಿದ್ದಳಂತೆ. ಗಟ್ಟಿ ತಿಂಡಿ ಚುಚ್ಚೀತೆಂದು ಹಾಲಿನಲ್ಲಿ ನೆನೆಸಿದ ಬಿಸ್ಕತ್ತನ್ನೇ ಕೊಡುತ್ತಿದ್ದಳಂತೆ. ಗಂಡ ಹೆಂಡತಿ ಮಾತ್ರ ಮಗನ ಕಣ್ಣಿಗೆ ಬೀಳದಂತೆ ಬಚ್ಚಲಿನ ಬಾಗಿಲು ಹಾಕಿಕೊಂಡು ಕಳ್ಳರ ಹಾಗೆ ಹಲ್ಲುಜ್ಜುತ್ತಿದ್ದರಂತೆ. ದಿನ ಬಿಟ್ಟು ದಿನ ಆ ಮನೆಗೆ ಹೋಗುವ ನನಗೇ ಇದು ಗೊತ್ತಿರಲಿಲ್ಲ. ಮೇಜಿಗೆ ಬಟ್ಟೆ ಸುತ್ತಿದ್ದು ಕಾಣುತ್ತದೆ, ಬಾಯೊಳಗಿನದು ಯಾರಿಗೆ ಕಾಣಬೇಕು?

ಡಾಕ್ಟರಮ್ಮ ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ತಂಗಿಯ ಎದುರಿಗೆ ಕೂತು, ಕೊಳೆ ಕೂತೇ ವಸಡು ಊದಿಕೊಳ್ಳುವುದು, ಊದಿದ ವಸಡೇ ಮುಟ್ಟಿದರೆ ಸಾಕು ರಕ್ತ ಸುರಿಸುವುದು ಎಂದು ನಿಧಾನವಾಗಿ ತಿಳಿಸಿದರು. ಮೆತ್ತನೆಯ ಬ್ರಶ್ಶಿನಲ್ಲಿ ದಿನಾ ಉಜ್ಜಿದ್ದರೆ ಮೊದಲು ಎರಡು ದಿನ ಒಂದು ಹನಿ ಕಾಣಿಸಿ, ಆಮೇಲೆ ನಿಂತುಹೋಗುತ್ತಿತ್ತಂತೆ. ತಂಗಿಯ ಮುಖದ ಬಣ್ಣವೇ ಇಳಿದುಹೋಯಿತು. ಇಷ್ಟು ವರ್ಷ ಯಾವುದರಿಂದ ಮಗನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಳೋ ಅದನ್ನೇ ಕೈಯಾರೆ ತಂದಿಟ್ಟಿದ್ದಳು. ನಿಮ್ಮಂಥ ತಾಯಂದಿರನ್ನು ನಾನು ತುಂಬ ಜನರನ್ನು ನೋಡಿದ್ದೇನೆ, ಯಾರೂ ಹೇಳದೆ ನಿಮಗೆ ಹೇಗೆ ಗೊತ್ತಾಗಬೇಕು ಎಂದರು ಡಾಕ್ಟರಮ್ಮ. ಆ ಒಂದು ಮಾತಿಗೆ ನನ್ನ ಜಗಳದ ಸಿದ್ಧತೆಯೆಲ್ಲ ಕರಗಿಹೋಯಿತು.

ಮೇಲಿನವರು ಏನನ್ನುತ್ತಾರೆ ಎಂದು ಕೇಳಿದರು. ಹೇಳಿದೆ. ಅವರು ಡಬ್ಬಿಯ ಮುಚ್ಚಳ ಹಾಕಿ, ನಡೆಯಿರಿ ಎಂದು ತಾವೇ ಮುಂದೆ ಹೊರಟರು. ಮೂರು ಮಹಡಿ ಹತ್ತುವಷ್ಟರಲ್ಲಿ ಅವರಿಗೆ ಏದುಸಿರು. ಈ ಆಸ್ಪತ್ರೆಗೆ ಬಂದು ಇಷ್ಟು ವರ್ಷವಾದರೂ ಈ ಮೆಟ್ಟಿಲು ಹತ್ತಿದ್ದು ಇದೇ ಮೊದಲು ಎಂದು ಅರ್ಧದಲ್ಲಿ ನಿಂತು ಹೇಳಿದರು.

ರಕ್ತದ ಡಾಕ್ಟರು ಸಣಕಲು ಮನುಷ್ಯ, ಕಣ್ಣಿನ ಕೆಳಗೆ ಕಪ್ಪು. ಅವರನ್ನು ಕೆಟ್ಟವರೆನ್ನಲು ನನಗೆ ಆಸೆಯಿತ್ತು, ಆಗಲಿಲ್ಲ. ಇರುವ ಔಷಧಿ ಸ್ವಲ್ಪ, ರಕ್ತ ಸುರಿಸಿಕೊಂಡು ಬರುವ ಮಕ್ಕಳು ಹೆಚ್ಚು, ಮೊದಲು ಅವರಿಗೆ ಎನ್ನುವ ನಿಯಮವನ್ನು ನಾನೇ ಮಾಡಿದ್ದು ಎಂದರು. ಡಾಕ್ಟರಮ್ಮ ಹಾಗಾದರೆ ನೀವೇ ಲೆಕ್ಕ ಹಾಕಿ ಎಂದರು. ಈಗ ಮೊದಲೇ ಕೊಟ್ಟು ಕಿತ್ತರೆ ಸ್ವಲ್ಪ ಔಷಧಿಯಲ್ಲಿ ಮುಗಿಯುತ್ತದೆ. ಬಿಟ್ಟರೆ ಕೀವು ಒಡೆದೋ, ಹಲ್ಲು ತಾನಾಗಿ ಕಿತ್ತುಬಂದೋ ರಕ್ತ ಶುರುವಾಗುತ್ತದೆ, ಆಗ ಇದರ ಎಷ್ಟೋ ಪಟ್ಟು ಸುರಿಯಬೇಕು, ಮಗು ಉಳಿಯುವ ಭರವಸೆಯೂ ಇರುವುದಿಲ್ಲ. ರಕ್ತದ ಡಾಕ್ಟರು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತರು. ಆಮೇಲೆ, ಕೆಳಗೆ ಕುರ್ಚಿಯಲ್ಲಿ ಕೀಳುವಾಗ ಏನಾದರೂ ಆದರೆ ನಾನು ಓಡಿಬರುವುದು ತಡವಾಗುತ್ತದಲ್ಲ ಎಂದು ಕೇಳಿದರು.

"ಕುರ್ಚಿ ಯಾಕೆ ಬೇಕು? ಹಾಲು ಹಲ್ಲು ಅದು. ನಾನೇ ಸಾಮಾನು ತಗೊಂಡು ಇಲ್ಲಿಗೆ ಬರ್ತೀನಿ," ಎಂದರು ಡಾಕ್ಟರಮ್ಮ.

ಇಷ್ಟು ಸುಲಭದ ಮಾತನ್ನು ಅಲ್ಲಿವರೆಗೆ ಯಾರೂ ಆಡಿರಲಿಲ್ಲ. ಊತ ಇಳಿಯಲು ಕೆಲವು ದಿನ ಔಷಧಿ ಕೊಟ್ಟು, ಒಂದು ಬೆಳಗ್ಗೆ ವಾರ್ಡಿನಲ್ಲೇ ಕೀಳುವುದೆಂದು ಇಬ್ಬರೂ ಮಾತಾಡಿಕೊಂಡರು. ನರ್ಸಮ್ಮ ಹಾಸಿಗೆ ಗೊತ್ತುಮಾಡಿದರು.

ಆ ಬೆಳಗ್ಗೆ ನನ್ನ ಸರದಿಯನ್ನು ಬೇರೆಯವರಿಗೆ ಒಪ್ಪಿಸಿ ಹೋದೆ. ಅಂಪೈರಿನ ಕೈಗೆ ಫ್ಯಾಕ್ಟರ್ ಏರಿಸಿದರು. ಡಾಕ್ಟರಮ್ಮ ತಟ್ಟೆಯಲ್ಲಿ ಸಾಮಾನು ಜೋಡಿಸಿಕೊಂಡು ಬಂದರು. ಎಲ್ಲ ಸಿದ್ಧವಾದಾಗ ತಂಗಿ ಎದ್ದು ಮಗನನ್ನು ಅಪ್ಪಿಕೊಂಡು, ಬೇಡ, ಮನೆಗೆ ಹೋಗೋಣ ಎಂದುಬಿಟ್ಟಳು. ಅವಳ ಗಂಡ ತಲೆ ಮೇಲೆ ಕೈಹೊತ್ತು ಕೂತ. ನನಗೂ ಒಳಗೊಳಗೇ ಮನೆಗೆ ಹೋಗೋಣ ಎನ್ನಿಸುತ್ತಿತ್ತು. ಡಾಕ್ಟರಮ್ಮ ಕೈಗವಸು ತೆಗೆದಿಟ್ಟು, ಏನಾಗಿತ್ತು ಹೇಳಿ ಎಂದರು. ತಂಗಿ ಅಣ್ಣನ ವಿಷಯ ಹೇಳಿದಳು. ನನ್ನ ಬಳಿಯೂ ಅವಳು ಅಷ್ಟು ಬಿಡಿಸಿ ಹೇಳಿರಲಿಲ್ಲ.

"ಅವತ್ತು ಆ ಡಾಕ್ಟರಿಗೆ ಕಾಯಿಲೆ ಗೊತ್ತಿರಲಿಲ್ಲಮ್ಮ. ನಮಗೆ ಗೊತ್ತು. ಔಷಧಿ ಆಗ್ಲೇ ಇವನ ಮೈಯಲ್ಲಿದೆ. ನೀವು ಹೂಂ ಅನ್ನೋವರೆಗೂ ನಾನು ಮುಟ್ಟಲ್ಲ."

ಹೂಂ ಎಂದು ತಂಗಿ ಹೇಳುವ ಮೊದಲು ಅಂಪೈರು ವಿಚಾರಣೆ ಶುರುಮಾಡಿದ. ನೋವಾದರೆ ಏನು ಮಾಡುತ್ತೀರಿ ಎಂದು ಕೇಳಿದ. ನೀನು ಕೈ ಎತ್ತು, ಆ ಕ್ಷಣವೇ ನಿಲ್ಲಿಸುತ್ತೇನೆ ಎಂದರು. ಅವನು ಬಾಯಿ ತೆರೆದ. ಅವರು ಕನ್ನಡಿ ಒಳಗಿಟ್ಟರು. ಕೈ ಎತ್ತಿದ, ಅವರು ಹಿಂದೆ ಸರಿದರು. ನೋವಾಯಿತಾ ಎಂದರೆ ಇಲ್ಲವೆಂದ. ಮತ್ತೆ ಬಾಯಿ ತೆರೆದ, ಮತ್ತೆ ಕೈ ಎತ್ತಿದ, ಅವರು ಮತ್ತೆ ನಿಲ್ಲಿಸಿದರು. ಹೀಗೆ ಎಷ್ಟೋ ಸಲವಾಯಿತು. ನನಗಾಗಿದ್ದರೆ ತಲೆ ಕೆಟ್ಟು ಹೋಗುತ್ತಿತ್ತು, ಅವರು ಒಂದು ಸಲವೂ ಮುಖ ಸಿಂಡರಿಸಲಿಲ್ಲ. ಕೊನೆಗೆ ಅಂಪೈರು ಅಮ್ಮನ ಕಡೆ ತಿರುಗಿ, ಇವರು ಮೋಸ ಮಾಡೋದಿಲ್ಲ ಎಂದು ತೀರ್ಪು ಕೊಟ್ಟ. ತಂಗಿ ಮಗನ ಮುಖವನ್ನೇ ನೋಡಿ, ಹೂಂ ಎಂದಳು.

ವಸಡಿಗೆ ಸೂಜಿ ಚುಚ್ಚಿದಾಗ ಒಮ್ಮೆ ನಿಜವಾಗಿಯೇ ಕೈ ಎತ್ತಿದ. ಆಮೇಲೆ ಎತ್ತಲಿಲ್ಲ. ಹಲ್ಲು ಬಂದದ್ದು ನನಗೆ ಕಾಣಿಸಲೇ ಇಲ್ಲ, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ಬಿಟ್ಟಾಗ ಡಾಕ್ಟರಮ್ಮ ಆ ಗುಳಿಯೊಳಗೆ ಔಷಧಿಯ ಸ್ಪಂಜಿನ ಚೂರು ಇಟ್ಟು ಹೊಲಿಗೆ ಹಾಕುತ್ತಿದ್ದರು. ಮೇಲೊಂದು ಬಟ್ಟೆಯ ಉಂಡೆ ಕಚ್ಚಿಸಿ, ಬಾಯಿ ತೆರೆಯಬೇಡ ಎಂದು ಪಕ್ಕದಲ್ಲೇ ಕೂತರು. ರಕ್ತದ ಡಾಕ್ಟರು ಕಿಟಕಿಯ ಬಳಿ ನಿಂತಿದ್ದರು. ವಾರ್ಡಿನ ಬೇರೆ ತಾಯಂದಿರೂ ಹತ್ತಿರ ಬಂದು ನಿಂತಿದ್ದರು. ತಂಗಿ ಮಗನ ತುಟಿಯಂಚನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿದದ್ದು ನಾನು ನೋಡಲಿಲ್ಲ.

ಹೊತ್ತಾದ ಮೇಲೆ ಡಾಕ್ಟರಮ್ಮ ಉಂಡೆ ತೆಗೆದು, ಟಾರ್ಚನ್ನು ತಂಗಿಯ ಕೈಗೆ ಕೊಟ್ಟು, ನೀವೇ ನೋಡಿ ಎಂದರು. ಬೆಳಕು ಮೊದಲು ಅಂಪೈರಿನ ಮೂಗಿಗೆ, ಆಮೇಲೆ ಗಲ್ಲಕ್ಕೆ ಬಿತ್ತು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಹಲ್ಲಿದ್ದ ಜಾಗದಲ್ಲಿ ಕಪ್ಪುಗೆಂಪಿನ ಒಂದು ಗಡ್ಡೆ, ಅದರ ಸುತ್ತ ಎಲ್ಲೂ ರಕ್ತವಿಲ್ಲ. ಹೆಪ್ಪುಗಟ್ಟಿದೆ ಎಂದರು ಡಾಕ್ಟರಮ್ಮ. ತಂಗಿ ತುಂಬ ಹೊತ್ತು ನೋಡಿದಳು. ಆಮೇಲೆ ಟಾರ್ಚು ಆರಿಸಿ ನನ್ನ ಕಡೆ ತಿರುಗಿದಳು.

"ಅಣ್ಣಂಗೂ ಇಷ್ಟೇ ಸಾಕಾಗ್ತಿತ್ತಾ ಅಕ್ಕ?"

ಸಾಕಾಗುತ್ತಿತ್ತು ಎಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಅಕ್ಕತಂಗಿಯರಿಬ್ಬರೂ ಅಷ್ಟು ಜನರ ಎದುರಿಗೆ, ನಮ್ಮ ಒಡಹುಟ್ಟಿದವನಿಗಾಗಿ ಅತ್ತೆವು. ಅವನು ಹೋದಾಗ ಅಮ್ಮನನ್ನು ಹಿಡಿದುಕೊಳ್ಳುವುದರಲ್ಲಿ ನಮಗೆ ಅಳಲು ಬಿಡುವೇ ಸಿಕ್ಕಿರಲಿಲ್ಲ. ಅಳುತ್ತಿರುವಾಗಲೇ ನನಗೆ ಸಂತೋಷವೂ ಆಗುತ್ತಿತ್ತು, ಎರಡನ್ನೂ ಬಿಡಿಸಲು ನನ್ನಿಂದ ಆಗಲಿಲ್ಲ. ನರ್ಸಮ್ಮ ಇಬ್ಬರಿಗೂ ನೀರು ತಂದುಕೊಟ್ಟು, ಮಗುವೇ ಅಳುತ್ತಿಲ್ಲ, ನಿಮ್ಮದೇನು ಎಂದು ಗದರಿದರು. ಅವರ ಕಣ್ಣೂ ಒದ್ದೆಯಾಗಿತ್ತು. ಆ ರಾತ್ರಿ ಅವನನ್ನು ಅಲ್ಲೇ ಇರಿಸಿಕೊಂಡು ಮರುದಿನ ಮನೆಗೆ ಕಳಿಸಿದರು.

ಉಳಿದ ಹುಳುಕು ಹಲ್ಲುಗಳಿಗಾಗಿ ಆಮೇಲೆಯೂ ಹೋಗಬೇಕಾಯಿತು. ಅಷ್ಟರಲ್ಲಿ ಡಾಕ್ಟರಮ್ಮ ವಾರಕ್ಕೊಂದು ಮಧ್ಯಾಹ್ನ ಏದುಸಿರು ಬಿಡುತ್ತಾ ಮೇಲೆ ಬಂದು ವಾರ್ಡಿನ ಮಕ್ಕಳ ಬಾಯಿ ನೋಡುವುದು ರೂಢಿಯಾಗಿತ್ತು. ನರ್ಸಮ್ಮ ಅವರಿಗೆಂದು ಬೆಳಕು ಬೀಳುವ ಕಿಟಕಿಯ ಬಳಿ ಒಂದು ಸ್ಟೂಲು ಇಟ್ಟಿದ್ದರು. ಬೇರೆ ಯಾರಾದರೂ ಅದರ ಮೇಲೆ ಕೂತರೆ ಎಬ್ಬಿಸುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ಬೆಂಚಿನ ತುದಿಯಲ್ಲಿ ದೂರದೂರಿನ ಹೆಂಗಸೊಬ್ಬಳು ಮಗನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹುಡುಗನಿಗೆ ಅಂಪೈರಿಗಿಂತ ಚಿಕ್ಕ ವಯಸ್ಸು, ಕೆನ್ನೆ ಊದಿತ್ತು. ಎಷ್ಟು ಕಡೆ ಸುತ್ತಿ ಬಂದಿದ್ದಳೋ, ಚಪ್ಪಲಿ ಬಿಟ್ಟು ಪಾದ ಉಜ್ಜಿಕೊಳ್ಳುತ್ತಿದ್ದಳು. ಡಾಕ್ಟರಮ್ಮ ಸ್ಟೂಲಿನಿಂದ ಕರೆದರೂ ಏಳಲಿಲ್ಲ. ಮಗನ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು, ನೋಡುವುದಾದರೆ ನೋಡಿ, ಕೀಳುವುದಂತೂ ಬೇಡ ಎಂದಳು. ನಾನು ಏನೋ ಹೇಳಹೊರಟೆ. ತಂಗಿ ನನ್ನ ಕೈ ಅದುಮಿ ಸುಮ್ಮನಿರಿಸಿದಳು. ಅವಳು ಗುರುತಿಲ್ಲದವರ ಜೊತೆ ಮಾತಾಡುವವಳೇ ಅಲ್ಲ, ಮಗನ ಕಾಯಿಲೆಯ ಹೆಸರನ್ನು ಪಕ್ಕದ ಮನೆಯವರಿಗೂ ಹೇಳಿದವಳಲ್ಲ. ಎದ್ದು ಹೋಗಿ ಆ ಹೆಂಗಸಿನ ಪಕ್ಕದಲ್ಲಿ ಕೂತಳು. ಅಂಪೈರನ್ನು ಹತ್ತಿರ ಕರೆದು, ಆ ಎನ್ನು ಎಂದಳು. ಅವನು ಬಾಯಿ ಅಗಲಿಸಿ ನಿಂತ.

"ನೋಡಿ, ಇಲ್ಲಿತ್ತು. ಇವನಿಗೂ ಇದೇ ಕಾಯಿಲೆ. ಇದೇ ವಾರ್ಡಿನಲ್ಲಿ ತೆಗೆದ್ರು."

ಆ ಹೆಂಗಸು ಬಗ್ಗಿ ನೋಡಿದಳು. ಖಾಲಿ ಜಾಗದ ವಸಡು ತಿಳಿಗೆಂಪಾಗಿ ಕೂಡಿಕೊಂಡಿತ್ತು. ರಕ್ತ ನಿಂತಿತಾ ಎಂದು ಪಿಸುಗುಟ್ಟಿದಳು. ನಿಂತಿತು, ನಾನೇ ಕಣ್ಣಾರೆ ನೋಡಿದೆ ಎಂದಳು ತಂಗಿ. ಮಡಿಲಲ್ಲಿದ್ದ ಹುಡುಗ ನೋವಾಯಿತಾ ಎಂದು ಅಂಪೈರನ್ನೇ ಕೇಳಿದ. ಸೂಜಿಗೆ ಆಯಿತು, ಹಲ್ಲಿಗೆ ಆಗಲಿಲ್ಲ, ಕೈ ಎತ್ತಿದರೆ ಅವರು ನಿಲ್ಲಿಸುತ್ತಾರೆ, ನಾನು ಪರೀಕ್ಷೆ ಮಾಡಿದ್ದೇನೆ ಎಂದು ಅಂಪೈರು ವಿವರವಾಗಿ ಹೇಳಿದ. ಆ ತಾಯಿ ಇನ್ನೊಮ್ಮೆ ಅವನ ಬಾಯೊಳಗೆ ನೋಡಿದಳು. ಆಮೇಲೆ ಸೆರಗನ್ನು ಸರಿಸಿ, ಮಗನನ್ನು ಎತ್ತಿಕೊಂಡು ಕಿಟಕಿಯ ಕಡೆ ನಡೆದಳು.